ತರಗೆಲೆಗೂ ಕಾನೂನಿತ್ತು

ಕೃಷಿಮೇಳಕ್ಕೆ ಹೋದರೆ ಈಗ ‘ಮಲ್ಚಿಂಗ್’ ಎಂಬ ಮಾತು ಕಿವಿಗೆ ಬೀಳುತ್ತದೆ. ಪ್ಲಾಸ್ಟಿಕ್ ಹಾಳೆಯ ಸುರುಳಿ ತೋರಿಸಿ ಹೊಸ ವಿಧಾನ ಅನ್ನುತ್ತಾರೆ. ಗಿಡದ ಸುತ್ತಲಿನ ಮಣ್ಣನ್ನು ಬರಿದಾಗಿ ಬಿಡದೆ ಮುಚ್ಚುವುದು, ಅಷ್ಟೇ ಅದರ ಅರ್ಥ. ನಮ್ಮ ಮಲೆನಾಡಿಗೆ, ಕರಾವಳಿಗೆ ಇದು ಹೊಸದಲ್ಲ. ಆ ಮುಚ್ಚಿಗೆಯ ಸೊಪ್ಪು ಎಲ್ಲಿಂದ ಬರಬೇಕು, ಯಾರು ತರಬಹುದು ಎಂಬುದು ಕಂದಾಯದ ಕಡತಕ್ಕೇ ಸೇರಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳು ಗುಡ್ಡಗಳ ನಡುವಿನ ತಗ್ಗಿನಲ್ಲಿವೆ. ಮಳೆಗಾಲದಲ್ಲಿ ಮೇಲ್ಮಣ್ಣು ಕೊಚ್ಚಿ ಹೋಗುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಅದಕ್ಕೇ ಪಕ್ಕದ ಕಾಡಿನಿಂದ ಸೊಪ್ಪು ತಂದರು. ಹಸಿ ಸೊಪ್ಪು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಗೊಬ್ಬರವಾಗಿ ತೋಟಕ್ಕೆ ಬಂತು. ಒಣಗಿದ ದರಕು ನೇರ ಮರದ ಬುಡಕ್ಕೆ ಬಿತ್ತು. ಸೊಪ್ಪು ಕೊಡುವ ಆ ಕಾಡಿಗೆ ‘ಸೊಪ್ಪಿನ ಬೆಟ್ಟ’ ಎಂದೇ ಹೆಸರು.

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಆದರೆ ಸೊಪ್ಪಿಲ್ಲದಿದ್ದರೆ ತೋಟವಿಲ್ಲ, ತೋಟವಿಲ್ಲದಿದ್ದರೆ ಕಂದಾಯವೂ ಇಲ್ಲ. ಹಾಗಾಗಿ ಬೆಟ್ಟದ ಸವಲತ್ತು ಉಳಿಯಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು ತೋಟದವರಿಗೆ.

ಹೆಸರು ಬೇರೆಯಾದರೂ ಇಂಥದೇ ಏರ್ಪಾಟು ಬೇರೆಡೆಯೂ ಇತ್ತು. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನಿಂದ 100 ಗಜದೊಳಗಿನ ಸರ್ಕಾರಿ ಜಾಗ ‘ಕುಮ್ಕಿ’. ಕೊಡಗಿನಲ್ಲಿ ಗದ್ದೆಗೆ ಅಂಟಿಕೊಂಡ ‘ಬಾಣೆ’. ಸೊಪ್ಪು, ಸೌದೆ, ಮೇವು ಎಲ್ಲಕ್ಕೂ ಅದೇ ಆಧಾರ.

ಈ ಚರಿತ್ರೆಯಲ್ಲಿ ಒಂದು ಮುಳ್ಳೂ ಇದೆ. ಸವಲತ್ತು ಬಂದದ್ದು ಜಮೀನಿನ ಜೊತೆ. ಜಮೀನಿಲ್ಲದವರು ಕೂಲಿಗೆ ಸೊಪ್ಪು ಕಡಿದರು, ಹೊರೆ ಹೊತ್ತರು, ಇನ್ನೊಬ್ಬರ ತೋಟಕ್ಕೆ ಹಾಸಿದರು. ಅವರ ಗುಡಿಸಲ ಹಿತ್ತಿಲಿಗೆ ಯಾವ ಬೆಟ್ಟವೂ ಬರೆದಿರಲಿಲ್ಲ. ವರ್ಷವೂ ಕೊಂಬೆ ಸವರಿ, ನೆಲ ಗುಡಿಸಿ ಹಲವು ಬೆಟ್ಟಗಳು ಬೋಳಾದವು. ಒಂದು ಎಕರೆ ತಂಪಾಗಿರಲು ಬೇರೆ ನೆಲ ಬರಿದಾಯಿತು.

ಮನೆ ಮುಂದಿನ ಹೂವಿನ ಪಾತಿಗೆ, ಹಿತ್ತಿಲ ಬದನೆ, ಮೆಣಸಿನ ಗಿಡಕ್ಕೆ ಬೆಟ್ಟ ಬೇಕಿಲ್ಲ. ಅಂಗಳದಲ್ಲಿ ಬೀಳುವ ಮಾವು, ಹಲಸಿನ ಎಲೆ ಸಾಕು. ಬಯಲುಸೀಮೆಯಲ್ಲಾದರೆ ಶೇಂಗಾ ಸಿಪ್ಪೆ, ಹಳೇ ಹುಲ್ಲು, ತೆಂಗಿನ ಗರಿ. ಮೊದಲು ಕಳೆ ತೆಗೆದು ನೀರು ಹಾಕಿ. ಎರಡು ಮೂರು ಇಂಚು ದಪ್ಪ ಹರಡಿ. ಕಾಂಡಕ್ಕೆ ತಾಗಿಸಬೇಡಿ, ತಾಗಿದರೆ ಬುಡ ಕೊಳೆಯಬಹುದು. ಗೆದ್ದಲಿನ ಮೇಲೂ ಕಣ್ಣಿರಲಿ.

ಆಮೇಲೆ ಬಿಸಿಲು ನೇರ ಮಣ್ಣಿಗೆ ಬೀಳುವುದಿಲ್ಲ, ನೀರು ಬೇಗ ಆರುವುದಿಲ್ಲ. ದಿನಾ ಎರಡು ಕೊಡ ಹೊರುವ ಮನೆಯ ಹೆಂಗಸರಿಗೆ ಇದು ಸಣ್ಣ ಲಾಭವಲ್ಲ. ಬೆಳಕು ಸಿಗದೆ ಕಳೆ ಕಡಿಮೆಯಾಗುತ್ತದೆ. ಮಳೆಹನಿ ಮಣ್ಣನ್ನು ಹೊಡೆದು ಸಿಡಿಸುವುದಿಲ್ಲ. ಎಲೆ ಕರಗಿದಂತೆ ಎರೆಹುಳು ಬರುತ್ತವೆ, ಮಣ್ಣು ಮೆತ್ತಗಾಗುತ್ತದೆ. ಪ್ಲಾಸ್ಟಿಕ್ಕೂ ತೇವ ಹಿಡಿಯುತ್ತದೆ, ಕಳೆ ತಡೆಯುತ್ತದೆ. ಆದರೆ ಅದು ಕರಗಿ ಮಣ್ಣಾಗುವುದಿಲ್ಲ, ಹರಿದ ಚೂರುಗಳನ್ನು ನಾವೇ ಹೆಕ್ಕಬೇಕು.

ಒಂದು ಕಾಲಕ್ಕೆ ಸರ್ಕಾರ ಎಕರೆ ಲೆಕ್ಕದಲ್ಲಿ ಅಳೆದುಕೊಟ್ಟ ವಸ್ತು ಈ ಎಲೆ. ಇವತ್ತು ನಾವು ಬೆಳಿಗ್ಗೆ ಅಂಗಳ ಗುಡಿಸಿ, ರಾಶಿ ಮಾಡಿ, ಬೆಂಕಿ ಹಚ್ಚುತ್ತೇವೆ. ನಾಳೆ ಆ ರಾಶಿಯನ್ನು ಪಾತಿಗೆ ಹಾಕಿ ನೋಡಿ. ಜಮೀನು ಇಲ್ಲದವರೂ ಹಾಕಬಹುದು, ಅದಕ್ಕೆ ಯಾರ ಸಹಿಯೂ ಬೇಡ.