ಜೇಮ್ಸ್ ವಾಟ್ ಕೈಬಿಟ್ಟ ಕೊಳವೆಗಳು

ಗಡಸು ನೀರು ಕಾಯಿಸುವ ಹಂಡೆಯ ಒಳಮೈಗೆ ಕೆಲವು ವರ್ಷಗಳಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆ. ಆಮೇಲೆ ಒಲೆಗೆ ಎಷ್ಟು ಸೌದೆ ಒಟ್ಟಿದರೂ ನೀರು ಬೇಗ ಕಾಯದು. ಲೋಹದಲ್ಲಿ ಸಲೀಸಾಗಿ ಹಾಯುವ ಶಾಖಕ್ಕೆ ಈ ತೆಳುವಾದ ಸುಣ್ಣದ ಪದರ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಜೇಮ್ಸ್ ವಾಟ್ ಎಂಬ ತರುಣ ತಂತ್ರಜ್ಞ ತನ್ನ ಅತ್ಯುತ್ತಮ ಯೋಚನೆಗಳಲ್ಲಿ ಒಂದನ್ನು ಕೈಬಿಡಲು ಇಂಥದೇ ಹಕ್ಕಳೆಯ ಭಯವೂ ಕಾರಣವಾಯಿತು.

ಕೆಟಲಿನ ಮುಚ್ಚಳ ಕುಣಿಯುವುದನ್ನು ನೋಡಿ ಬಾಲಕ ವಾಟ್ ಉಗಿಯಂತ್ರವನ್ನು ಕಂಡುಹಿಡಿದನೆಂಬ ಕಥೆ ನಮ್ಮ ಪಠ್ಯಗಳಲ್ಲಿ ಬೇರೂರಿದೆ. ಆದರೆ ವಾಟ್ ಹುಟ್ಟಿದ್ದು 1736ರಲ್ಲಿ. ಥಾಮಸ್ ನ್ಯೂಕೊಮೆನ್‌ನ ಯಂತ್ರ 1712ರಲ್ಲೇ ಇಂಗ್ಲೆಂಡಿನ ಗಣಿಯಿಂದ ನೀರೆತ್ತುತ್ತಿತ್ತು. ಅದರಲ್ಲಿ ಸಿಲಿಂಡರಿಗೆ ಉಗಿ ತುಂಬಿ, ಅದರೊಳಕ್ಕೇ ತಣ್ಣೀರು ಚಿಮ್ಮಿಸುತ್ತಿದ್ದರು. ಉಗಿ ಕುಗ್ಗಿ ನೀರಾದಾಗ ಒಳಗೆ ನಿರ್ವಾತ ಉಂಟಾಗಿ, ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ದಬ್ಬುತ್ತಿತ್ತು.

ಗ್ಲಾಸ್ಗೊ ವಿಶ್ವವಿದ್ಯಾನಿಲಯದಲ್ಲಿ ವಾಟ್ ಉಪಕರಣಗಳನ್ನು ತಯಾರಿಸುವ, ದುರಸ್ತಿ ಮಾಡುವ ಕೆಲಸದಲ್ಲಿದ್ದ. 1763-64ರ ಚಳಿಗಾಲದಲ್ಲಿ ನ್ಯೂಕೊಮೆನ್ ಯಂತ್ರದ ಪುಟ್ಟ ಮಾದರಿಯೊಂದು ದುರಸ್ತಿಗೆ ಬಂತು. ಸರಿಪಡಿಸಿದ ಮೇಲೂ ಅದು ನಾಲ್ಕಾರು ಬಡಿತಕ್ಕೆ ಉಗಿಯಿಲ್ಲದೆ ನಿಲ್ಲುತ್ತಿತ್ತು. ವಾಟ್ ಅಳೆಯಲು ಕುಳಿತ. ಉಗಿಯಾದ ನೀರು ತನ್ನ ತೂಕದ ಸುಮಾರು ಆರು ಪಟ್ಟು ತಣ್ಣೀರನ್ನು ಕುದಿಬಿಂದುವಿಗೆ ಏರಿಸಬಲ್ಲುದೆಂದು ಕಂಡು ಬೆರಗಾದ. ಅದೇ ಊರಿನ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್ ಅದಕ್ಕೆ ಕಾರಣವಾದ ಗುಪ್ತೋಷ್ಣದ ತತ್ವವನ್ನು ವಿವರಿಸಿದ. ಪ್ರತಿ ಬಡಿತಕ್ಕೂ ಸಿಲಿಂಡರನ್ನು ತಣಿಸಿ ಮತ್ತೆ ಕಾಯಿಸುವುದರಲ್ಲೇ ಉಗಿಯ ಬಹುಪಾಲು ವ್ಯರ್ಥವಾಗುತ್ತಿತ್ತು.

1765ರ ಒಂದು ಭಾನುವಾರ ಗ್ಲಾಸ್ಗೊ ಗ್ರೀನ್ ಮೈದಾನದಲ್ಲಿ ಅಡ್ಡಾಡುತ್ತಿದ್ದಾಗ ವಾಟ್‌ಗೆ ಪರಿಹಾರ ಹೊಳೆಯಿತು. ಸಿಲಿಂಡರು ಸದಾ ಬಿಸಿಯಾಗಿರಲಿ, ಉಗಿ ಬೇರೊಂದು ತಣ್ಣನೆಯ ಪಾತ್ರೆಗೆ ಹೋಗಿ ಅಲ್ಲಿ ನೀರಾಗಲಿ. ಆ ಪಾತ್ರೆಯೇ ಕಂಡೆನ್ಸರ್. ಅಂದು ಸ್ಕಾಟ್ಲೆಂಡಿನಲ್ಲಿ ಭಾನುವಾರ ಕೆಲಸ ಮುಟ್ಟುವಂತಿರಲಿಲ್ಲ. ಆಮೇಲೆ ಕೆಲಸಕ್ಕೆ ಕುಳಿತವನು ಹಿತ್ತಾಳೆಯ ದೊಡ್ಡ ಪಿಚಕಾರಿಯೊಂದನ್ನು ಸಿಲಿಂಡರು ಮಾಡಿಕೊಂಡ. ತವರ ಲೇಪಿಸಿದ ತೆಳು ತಗಡಿನಿಂದ ಹತ್ತು ಹನ್ನೆರಡು ಅಂಗುಲದ ಎರಡು ಸಣ್ಣ ಕೊಳವೆಗಳನ್ನು ಮಾಡಿ ತಣ್ಣೀರ ತೊಟ್ಟಿಯಲ್ಲಿ ನಿಲ್ಲಿಸಿದ. ಒಳಗೆ ಉಗಿ, ಹೊರಗೆ ನೀರು, ನಡುವೆ ತಗಡು. ಇಂದು ಕಾರ್ಖಾನೆಗಳಲ್ಲಿ ಶಾಖ ವಿನಿಮಯಕ ಎನ್ನುವ ಸಾಧನ ಇದೇ. ಆಟಿಕೆಯಂಥ ಆ ಯಂತ್ರ ಸುಮಾರು 18 ಪೌಂಡ್ ತೂಕ ಎತ್ತಿತು.

ಮೇಜಿನ ಮೇಲೆ ಗೆದ್ದದ್ದು ಗಣಿಯ ಬಾಯಲ್ಲಿ ಗೆಲ್ಲಬೇಕಲ್ಲ! ಪೇಟೆಂಟ್ ದೊರೆತದ್ದು 1769ರಲ್ಲಿ. ಅದೇ ವರ್ಷ ಕಿನ್ನೀಲ್ ಎಂಬಲ್ಲಿ ಕಟ್ಟಿದ 18 ಅಂಗುಲ ವ್ಯಾಸದ ಸಿಲಿಂಡರಿನ ಯಂತ್ರ ನೆಟ್ಟಗೆ ನಡೆಯಲಿಲ್ಲ. ಸಿಲಿಂಡರಿನ ದುಂಡು ಸರಿಯಿರಲಿಲ್ಲ, ಪಿಸ್ಟನ್ನಿನ ಸುತ್ತ ಉಗಿ ಸೋರುತ್ತಿತ್ತು. ಉಪಕರಣಗಳ ನಾಜೂಕು ಬಲ್ಲ ವಾಟ್‌ಗೆ ಸಿಕ್ಕ ಕಮ್ಮಾರರೂ ತಗಡಿನ ಕೆಲಸದವರೂ ಅಷ್ಟು ನಿಖರತೆಯನ್ನು ಕಂಡವರಲ್ಲ. ಹೊಟ್ಟೆಪಾಡಿಗಾಗಿ ಅವನು ಕಾಲುವೆಗಳ ಮೋಜಣಿಗೆ ಹೋಗಬೇಕಾಯಿತು. ಹಣ ಹಾಕಿದ್ದ ಜಾನ್ ರೋಬಕ್ ದಿವಾಳಿಯಾದ. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್‌ನ ಬಂಡವಾಳ ಬಂದು, ಫಿರಂಗಿ ಕೊರೆಯುವುದರಲ್ಲಿ ಪಳಗಿದ ಜಾನ್ ವಿಲ್ಕಿನ್‌ಸನ್ ಸಿಲಿಂಡರನ್ನು ನಿಖರವಾಗಿ ಕೊರೆದುಕೊಟ್ಟ ಮೇಲೆ, 1776ರಲ್ಲಿ ಯಂತ್ರ ಗಿರಾಕಿಗಳ ಅಂಗಳಕ್ಕೆ ಕಾಲಿಟ್ಟಿತು.

ಆದರೆ ಅದರಲ್ಲಿ ಆ ಕೊಳವೆಗಳಿರಲಿಲ್ಲ. ಪಾತ್ರೆ ಬೇರೆಯಾಗಿಯೇ ಉಳಿದಿತ್ತು. ಅದರೊಳಗೆ ಉಗಿಯ ಮೇಲೆ ನೇರವಾಗಿ ತಣ್ಣೀರು ಚಿಮ್ಮಿಸುವ ಹಳೆಯ ಉಪಾಯಕ್ಕೇ ವಾಟ್ ಮರಳಿದ್ದ. ಹೊರಗಿನಿಂದ ತಣಿಸುವ ಪಾತ್ರೆ ದೊಡ್ಡ ಯಂತ್ರಕ್ಕೆ ವಿಪರೀತ ದೊಡ್ಡದಾಗಬೇಕಿತ್ತು, ಗಣಿಗಳ ಕೆಟ್ಟ ನೀರು ತೆಳು ತಗಡಿಗೆ ಹಕ್ಕಳೆ ಕಟ್ಟಿ ಶಾಖವನ್ನು ತಡೆಯುತ್ತಿತ್ತು ಎಂದು ಅವನೇ ಮುಂದೆ ಕಾರಣ ಹೇಳಿದ್ದಾನೆ. ಇದನ್ನು ಸೋಲೆನ್ನುವುದು ಕಷ್ಟ. ಹೊಸ ಸಾಧನದ ಲೆಕ್ಕಕ್ಕಿಂತ ಹತ್ತು ವರ್ಷ ಹಳತಾದ ಸಾಧನದ ಲೆಕ್ಕ ಬೇರೆ ಎಂಬುದನ್ನು ಅವನು ಬೇಗ ಅರಿತಿದ್ದ.

ಕೊಳವೆಗಳನ್ನು ಮರಳಿ ಕರೆದದ್ದು ಸಮುದ್ರ. ಉಗಿ ಹಡಗಿನಲ್ಲಿ ಉಗಿಯ ಮೇಲೆ ಉಪ್ಪುನೀರು ಚಿಮ್ಮಿಸಿದರೆ ಅದೇ ಉಪ್ಪು ಬಾಯ್ಲರಿಗೆ ಸೇರುತ್ತದೆ. ಸ್ಯಾಮ್ಯುಯೆಲ್ ಹಾಲ್ 1834ರಲ್ಲಿ ಸಣ್ಣ ಕೊಳವೆಗಳ ಕಂಡೆನ್ಸರಿಗೆ ಪೇಟೆಂಟ್ ಪಡೆದ. ಇದರಲ್ಲಿ ಉಗಿಯ ಸಿಹಿನೀರು ಕಡಲ ನೀರಿನೊಡನೆ ಬೆರೆಯದೆ ಬಾಯ್ಲರಿಗೆ ಮರಳುತ್ತಿತ್ತು. 1838ರಲ್ಲಿ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ಸೇರಿದ ‘ಸಿರಿಯಸ್’ ಹಡಗಿನಲ್ಲಿ ಇದ್ದದ್ದು ಹಾಲ್‌ನ ಕಂಡೆನ್ಸರೇ. ಆದರೆ ಸಿಲಿಂಡರಿಗೆ ಸವರುತ್ತಿದ್ದ ಪ್ರಾಣಿಯ ಕೊಬ್ಬು ಉಗಿಯೊಡನೆ ಬಂದು ಕೊಳವೆಗಳಿಗೆ ಮೆತ್ತಿಕೊಂಡು ಉಪದ್ರವವಾಯಿತು. ಬಹುಪಾಲು ಹಡಗುಗಳವರು ಹಳೆಯ ಪದ್ಧತಿಗೇ ಅಂಟಿಕೊಂಡರು. ಕೊಳವೆಗಳ ಕಂಡೆನ್ಸರ್ ಹಡಗುಗಳಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 1860ರ ದಶಕದಲ್ಲಿ.

ಇಂದು ಈ ವಿನ್ಯಾಸ ಕಲಿಯುವ ಹೊಸ ಎಂಜಿನಿಯರಿನ ಮುಂದೆ ಬರುವ ಮೊದಲ ಪ್ರಶ್ನೆಗಳಲ್ಲಿ ಒಂದು, ಯಾವ ದ್ರವ ಕೊಳವೆಯ ಒಳಗೆ, ಯಾವುದು ಹೊರಗೆ ಎಂಬುದು. ಕೊಳೆ ಕಟ್ಟುವುದನ್ನು ಸಾಮಾನ್ಯವಾಗಿ ಒಳಗೆ ಬಿಡುತ್ತಾರೆ. ನೇರ ಕೊಳವೆಯ ಒಳಗೆ ಕುಂಚ ತೂರಿಸಬಹುದು, ಒತ್ತೊತ್ತಾಗಿ ನಿಂತ ಕೊಳವೆಗಳ ಸಂದಿಗೆ ತೂರಿಸಲಾಗದು. ಅಮೆರಿಕದ ತಯಾರಕರ ಸಂಘ 1941ರಲ್ಲಿ ಮೊದಲು ಹೊರತಂದ ‘ಟೆಮಾ’ ಮಾನದಂಡಗಳು ಇಂಥ ವಿನಿಮಯಕಗಳ ನಿರ್ಮಾಣಕ್ಕೆ ಆಧಾರ. ಹಕ್ಕಳೆ ಒಡ್ಡುವ ಅಡ್ಡಿಯನ್ನು ಯಾವ ನೀರಿಗೆ ಎಷ್ಟೆಂದು ಹಿಡಿಯಬೇಕೆಂಬ ಅಂಕಿಗಳೂ ಅವುಗಳಲ್ಲಿವೆ. ಆ ಅಂಕಿಯನ್ನು ಸೇರಿಸಿ, ಮೊದಲ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಕೊಳವೆಗಳನ್ನು ಇಡುತ್ತಾರೆ. ದಪ್ಪ ಫಲಕದಲ್ಲಿ ಕೊರೆದ ತೂತುಗಳಿಗೆ ಕೊಳವೆಯ ತುದಿ ತೂರಿಸಿ, ಒಳಗಿನಿಂದ ಉರುಳೆ ತಿರುಗಿಸಿ ಹಿಗ್ಗಿಸಿ ಬಿಗಿ ಮಾಡುತ್ತಾರೆ. ಹಿಗ್ಗಿಸಿದ್ದು ಕಡಿಮೆಯಾದರೆ ಸೋರುತ್ತದೆ, ಹೆಚ್ಚಾದರೆ ಕೊಳವೆಯ ಗೋಡೆ ಸವೆಯುತ್ತದೆ.

ವಾಟ್‌ನ ಎರಡು ಕೊಳವೆಗಳ ವಂಶದವು ಕರ್ನಾಟಕದಲ್ಲೂ ಉಂಟು. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಕೆಲಸ ಆರಂಭಿಸಿದ ಉಷ್ಣ ವಿದ್ಯುತ್ ಕೇಂದ್ರಕ್ಕೆ ನೀರು ಕೃಷ್ಣಾ ನದಿಯದು. ಇಂಥ ಕೇಂದ್ರಗಳ ಕಂಡೆನ್ಸರಿನಲ್ಲಿ ಸಾವಿರಾರು ಕೊಳವೆಗಳು. ಉಗಿ ಹೊರಗೆ, ತಣಿಸುವ ನೀರು ಒಳಗೆ. ವಾಟ್‌ನ ಮಾದರಿ ತಿರುವುಮುರುವಾದಂತೆ. ಘಟಕ ನಿಲ್ಲಿಸಿದಾಗ ಮುಚ್ಚಳ ಬಿಚ್ಚಿ ಒಂದೊಂದೇ ಕೊಳವೆಗೆ ಕುಂಚ ತೂರಿಸಿ ಹಕ್ಕಳೆ ಹೊರದೂಡುತ್ತಾರೆ.