ತಿರುವಾಂಕೂರಿನ ಯೂನಿಫಾರ್ಮ್

1859ರ ಜುಲೈ 26ರಂದು ತಿರುವಾಂಕೂರಿನ ಮಹಾರಾಜ ಉತ್ರಂ ತಿರುನಾಳ್ ಮಾರ್ತಾಂಡವರ್ಮ ಒಂದು ಪ್ರಕಟಣೆ ಹೊರಡಿಸಿದರು. ಇವತ್ತು ಅದನ್ನು ಓದಿದರೆ ಮಕ್ಕಳ ಸ್ಕೂಲ್ ಡೈರಿಯಲ್ಲಿ ಅಚ್ಚು ಹಾಕಿಸುವ ಯೂನಿಫಾರ್ಮ್ ನಿಯಮಗಳು ನೆನಪಾಗುತ್ತವೆ. ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳಬಹುದು. ಕ್ರೈಸ್ತರಾದ ನಾಡಾರ್ ಹೆಂಗಸರಂತೆ ರವಿಕೆ ತೊಡಬಹುದು, ಮೀನುಗಾರರ ಹೆಂಗಸರಂತೆ ಒರಟು ಬಟ್ಟೆ ಸುತ್ತಿಕೊಳ್ಳಬಹುದು, ಬೇರೆ ಹೇಗಾದರೂ ಮುಚ್ಚಿಕೊಳ್ಳಬಹುದು. ಮೇಲ್ಜಾತಿಯ ಹೆಂಗಸರ ಹಾಗೆ ಮಾತ್ರ ಕೂಡದು. ನಾಲ್ಕು ದಶಕಗಳ ಬಡಿದಾಟ ನಡೆದು, ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಒತ್ತಡ ಹಾಕಿದ ಮೇಲೆ ಸಿಕ್ಕಿದ್ದು ಇಷ್ಟು.

ಆ ಜಗಳದಲ್ಲಿ ಶಾಲೆಯೂ ಒಂದು ಕಕ್ಷಿಯಾಗಿತ್ತು. ರವಿಕೆ ತೊಟ್ಟ ಹೆಂಗಸರ ಮೇಲಿನ ಸಿಟ್ಟು ಮಿಷನರಿಗಳ ಶಾಲೆಗಳಿಗೆ ಬೆಂಕಿ ಹಚ್ಚುವವರೆಗೂ ಹೋಗಿತ್ತು. ನಮ್ಮ ಕಾಲದಲ್ಲಿ ಈ ಕಥೆ ಎನ್‌ಸಿಇಆರ್‌ಟಿಯ 9ನೇ ತರಗತಿಯ ಇತಿಹಾಸ ಪುಸ್ತಕದಲ್ಲಿ, ಉಡುಪಿನ ಸಾಮಾಜಿಕ ಇತಿಹಾಸ ಎಂಬ ಪಾಠದಲ್ಲಿ ಇತ್ತು. 2016ರ ಡಿಸೆಂಬರ್‌ನಲ್ಲಿ ಸಿಬಿಎಸ್‌ಇ ಆ ಭಾಗವನ್ನು ಪಠ್ಯದಿಂದ ಕೈಬಿಟ್ಟಿತು, 2019ರಲ್ಲಿ ಪಾಠವೇ ಪುಸ್ತಕದಿಂದ ಹೋಯಿತು. ಹೊರೆ ಕಡಿಮೆ ಮಾಡುವುದಕ್ಕೆ ಎಂದರು. ಬಟ್ಟೆಯ ವಿಷಯದಲ್ಲಿ ಯಾರು ಯಾರಿಗೆ ಅಪ್ಪಣೆ ಕೊಡುತ್ತಿದ್ದರು ಎಂದು 14 ವರ್ಷದ ಮಕ್ಕಳು ಓದುವುದು ಅಷ್ಟೇನು ಭಾರ ಎನ್ನುವುದು ನನಗಂತೂ ಅರ್ಥವಾಗಿಲ್ಲ.

ಉದ್ಯೋಗಕ್ಕೆಂದು ತಿರುವನಂತಪುರಕ್ಕೆ ಬಂದ ನಮ್ಮಂಥವರು ವೆಳ್ಳಯಂಬಲದ ವೃತ್ತದಲ್ಲಿ ಸಿಗ್ನಲ್ ಕಾಯುತ್ತಾ ಅಯ್ಯನ್‌ಕಾಳಿಯ ಪ್ರತಿಮೆ ನೋಡಿರುತ್ತೇವೆ. ಹುಟ್ಟಿದ್ದು 1863ರಲ್ಲಿ, ಊರು ವೆಂಗಾನೂರು, ಜಾತಿ ಪುಲಯ. 1893ರಲ್ಲಿ ಎತ್ತಿನ ಬಂಡಿ ಕೊಂಡು, ಮಡಿ ಪಂಚೆ ಉಟ್ಟು, ತಲೆಗೆ ರುಮಾಲು ಸುತ್ತಿ, ಪುಲಯರು ಕಾಲಿಡಬಾರದಿದ್ದ ರಸ್ತೆಯಲ್ಲಿ ಬಂಡಿ ಓಡಿಸಿದವರು. ಅಂದರೆ ಒಂದೇ ಸವಾರಿಯಲ್ಲಿ ಉಡುಪಿನ ಕಟ್ಟಳೆಯನ್ನೂ ದಾರಿಯ ಕಟ್ಟಳೆಯನ್ನೂ ಮುರಿದರು. ಸ್ವತಃ ಅಕ್ಷರ ಬಾರದವರು. ಆದರೂ ಅವರ ದೊಡ್ಡ ಹೋರಾಟ ಶಾಲೆಗಾಗಿ. ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸದಿದ್ದರೆ ನಿಮ್ಮ ಗದ್ದೆಗೆ ಇಳಿಯುವುದಿಲ್ಲ ಎಂದು 1907ರ ಸುಮಾರಿಗೆ ಕೃಷಿ ಕೂಲಿಗಳ ಮುಷ್ಕರ ಹೂಡಿದರು. ಕೂಲಿ ಹೆಚ್ಚಿಸಿ ಎಂದು ನಡೆದ ಮುಷ್ಕರಗಳು ಬೇಕಾದಷ್ಟಿವೆ. ಮಕ್ಕಳ ಅಡ್ಮಿಷನ್ನಿಗಾಗಿ ಹೊಟ್ಟೆ ಕಟ್ಟಿಕೊಂಡು ಕೂತ ಮುಷ್ಕರ ಇನ್ನೊಂದು ಇದೆಯೋ ಇಲ್ಲವೋ.

ಸರ್ಕಾರ ಆದೇಶ ಮಾಡಿತು, ಅಧಿಕಾರಿಗಳು ಅದನ್ನು ಮುಚ್ಚಿಟ್ಟರು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ರಿಲೀಸ್ ಆಗಿತ್ತು, ಡಿಪ್ಲಾಯ್ ಆಗಿರಲಿಲ್ಲ. 1910ರಲ್ಲಿ ಅದು ಬಹಿರಂಗವಾದ ಮೇಲೂ ಶಾಲೆಯ ಬಾಗಿಲು ತೆರೆಯಲಿಲ್ಲ. ಅಯ್ಯನ್‌ಕಾಳಿ ಪಂಚಮಿ ಎಂಬ ಪುಲಯ ಹುಡುಗಿಯ ಕೈಹಿಡಿದು ಊರೂಟ್ಟಂಬಲಂ ಶಾಲೆಗೆ ನಡೆದಾಗ ಹೊಡೆದಾಟವಾಯಿತು, ಶಾಲೆಗೆ ಬೆಂಕಿ ಬಿತ್ತು. ಹುಡುಗಿ ಕೂತ ಕಟ್ಟಡ ಸುಟ್ಟರೂ ಚಿಂತೆಯಿಲ್ಲ, ಅವಳು ಪಕ್ಕದಲ್ಲಿ ಕೂರಬಾರದು, ಅಷ್ಟೇ. ಅರ್ಧ ಸುಟ್ಟ ಬೆಂಚೊಂದನ್ನು ಆ ಶಾಲೆ ಉಳಿಸಿಕೊಂಡಿದೆ. 2022ರಲ್ಲಿ ಶಾಲೆಗೆ ಅಯ್ಯನ್‌ಕಾಳಿ ಮತ್ತು ಪಂಚಮಿ ಇಬ್ಬರ ಹೆಸರನ್ನೂ ಇಟ್ಟರು.

ಇದೇ ನಗರದ ಪಾಳಯಂನಲ್ಲಿ ಇನ್ನೊಂದು ಪ್ರತಿಮೆ ಇದೆ. ಅದು 'ಸ್ವದೇಶಾಭಿಮಾನಿ' ಪತ್ರಿಕೆಯ ಸಂಪಾದಕ ರಾಮಕೃಷ್ಣ ಪಿಳ್ಳೆಯವರದು. ದಿವಾನ ರಾಜಗೋಪಾಲಾಚಾರಿಯವರ ಆಡಳಿತವನ್ನು ಹೆದರದೆ ಟೀಕಿಸಿ, 1910ರ ಸೆಪ್ಟೆಂಬರ್‌ನಲ್ಲಿ ಪ್ರೆಸ್ ಕಳೆದುಕೊಂಡು ಗಡೀಪಾರಾದವರು. ಅಧಿಕಾರವನ್ನು ಪ್ರಶ್ನಿಸುವುದು ಹೇಗೆ ಎಂದು ಮಕ್ಕಳಿಗೆ ಹೇಳಿಕೊಡಲು ಇವರಿಗಿಂತ ಒಳ್ಳೆಯ ಉದಾಹರಣೆ ಬೇಕೆ? ಆದರೆ ಅದೇ ವರ್ಷ, ಅದೇ ಪತ್ರಿಕೆಯಲ್ಲಿ, ಪುಲಯ ಮಕ್ಕಳನ್ನು ಉಳಿದವರ ಜೊತೆ ಕೂರಿಸುವ ಆದೇಶವನ್ನು ಅವರು ವಿರೋಧಿಸಿದರು. ತಲೆತಲಾಂತರದಿಂದ ಬುದ್ಧಿಯನ್ನು ಕೃಷಿ ಮಾಡಿದವರನ್ನೂ ಹೊಲವನ್ನು ಕೃಷಿ ಮಾಡಿದವರನ್ನೂ ಒಂದೇ ಕಡೆ ಕೂರಿಸುವುದು ಕುದುರೆಯನ್ನೂ ಕೋಣವನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ ಎಂಬುದು ಅವರ ವಾದ. ದಿವಾನರನ್ನು ಪ್ರಶ್ನಿಸಲು ಹೆದರದ ಪಿಳ್ಳೆಯವರಿಗೆ, ಪಂಚಮಿಯಂಥವರು ತಮ್ಮಂಥವರನ್ನು ಪ್ರಶ್ನಿಸಿದ್ದು ಸಹಿಸಲಾಗಲಿಲ್ಲ. ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಬೇಕು ಎಂದು ಪೇರೆಂಟ್ಸ್ ಮೀಟಿಂಗಿನಲ್ಲಿ ಯಾರಾದರೂ ಭಾಷಣ ಮಾಡಿದಾಗಲೆಲ್ಲ ನನಗೆ ಪಿಳ್ಳೆಯವರು ನೆನಪಾಗುತ್ತಾರೆ.

ಇಷ್ಟೆಲ್ಲ ಆದ ನಾಡಿನಲ್ಲಿ ಯೂನಿಫಾರ್ಮ್ ಬಂದಾಗ ಅದನ್ನು ಸ್ವಾಗತಿಸಿದ್ದು ಸಹಜವೇ. ಉಟ್ಟ ಬಟ್ಟೆ ನೋಡಿ ಜಾತಿ ಹೇಳುವ ಊರಿನಲ್ಲಿ ಎಲ್ಲರಿಗೂ ಒಂದೇ ಬಟ್ಟೆ ಎಂದರೆ ಸಣ್ಣ ಮಾತಲ್ಲ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕೊಚ್ಚಿಯಿಂದ ಹೆಚ್ಚು ದೂರವಿಲ್ಲದ ವಳಯನ್‌ಚಿರಂಙರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಿಟಿಎ ಜೊತೆ ಕೂತು ಚರ್ಚಿಸಿ, ಹುಡುಗ ಹುಡುಗಿಯರಿಗೆಲ್ಲ ಅಂಗಿ ಮತ್ತು ಮುಕ್ಕಾಲು ಚಡ್ಡಿಯನ್ನು ತಂದರು. ಸ್ಕರ್ಟಿನಲ್ಲಿ ಓಡಿಯಾಡಲು ಹಿಂಜರಿಯುತ್ತಿದ್ದ ಹುಡುಗಿಯರಿಗೆ ಅದರಿಂದ ಅನುಕೂಲವಾಯಿತು. 2021ರ ಡಿಸೆಂಬರ್‌ನಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯಲ್ಲಿ ಪ್ಲಸ್ ಒನ್ ಹುಡುಗಿಯರಿಗೆ ಪ್ಯಾಂಟ್ ಬಂದಾಗ ಪ್ರತಿಭಟನೆ ಎದ್ದಿತು. ಯಾವ ಉಡುಪನ್ನೂ ಹೇರುವುದಿಲ್ಲ ಎಂದು ಮರುವರ್ಷ ಮುಖ್ಯಮಂತ್ರಿಯೇ ವಿಧಾನಸಭೆಯಲ್ಲಿ ಹೇಳಬೇಕಾಯಿತು.

ಕೊನೆಗೆ ಇಂಥ ಪ್ರಶ್ನೆಗಳೆಲ್ಲ ಕೊಚ್ಚಿಯ ಹೈಕೋರ್ಟಿಗೆ ಬಂದು ನಿಲ್ಲುತ್ತವೆ. ಎರಡು ಪ್ರಕರಣ ಹೇಳಬೇಕು, ಏಕೆಂದರೆ ಎರಡೂ ಮುಂದೆ ನಮ್ಮ ಕರ್ನಾಟಕಕ್ಕೆ ಬಂದವು.

ಮೊದಲನೆಯದು ಉಡುಪಿನದಲ್ಲ, ಮೌನದ್ದು. 1985ರಲ್ಲಿ ಕೋಟ್ಟಯಂ ಜಿಲ್ಲೆಯ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಒಂದೇ ಮನೆಯ ಮೂರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ವರ್ಷಗಳಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಒಬ್ಬ ಶಾಸಕರ ಕಣ್ಣಿಗೆ ಬಿತ್ತು, ವಿಧಾನಸಭೆಯಲ್ಲಿ ಪ್ರಶ್ನೆ ಬಂತು, ವಿಚಾರಣೆಗೆ ಆಯೋಗ ಕೂತಿತು. ಮಕ್ಕಳಿಂದ ರಾಷ್ಟ್ರಗೀತೆಗೆ ಅಗೌರವ ಆಗಿಲ್ಲ ಎಂದು ಆಯೋಗ ವರದಿ ಕೊಟ್ಟರೂ ಮೇಲಧಿಕಾರಿಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ಹೊರಹಾಕಿದರು. ಆ ದಿನವೂ ಜುಲೈ 26, ಕಾಕತಾಳೀಯ. ಹೈಕೋರ್ಟಿನಲ್ಲಿ ಎರಡು ಸಲ ಸೋಲು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿದರು. ಇಲಾಖೆಯ ಸುತ್ತೋಲೆ ಕಾನೂನಲ್ಲ, ಗೌರವದಿಂದ ನಿಂತವರ ಬಾಯಿಂದ ಹಾಡಿಸುವ ಹಕ್ಕು ಯಾರಿಗೂ ಇಲ್ಲ ಎಂಬುದು ತೀರ್ಪಿನ ತಿರುಳು. ಇದೇ ಬಿಜೋ ಇಮ್ಯಾನುಯೆಲ್ ಪ್ರಕರಣ.

ಎರಡನೆಯದು 2018ರ ಡಿಸೆಂಬರ್ 4ರದು. ತಿರುವನಂತಪುರದ ಖಾಸಗಿ ಶಾಲೆಯ ಇಬ್ಬರು ಹುಡುಗಿಯರು ತಲೆವಸ್ತ್ರಕ್ಕೂ ತುಂಬುತೋಳಿನ ಅಂಗಿಗೂ ಅನುಮತಿ ಕೇಳಿದ್ದರು. ಉಡುಪು ವ್ಯಕ್ತಿಯ ಹಕ್ಕು ಹೌದು, ಆದರೆ ಸಂಸ್ಥೆಯ ಹಿತ ಅದಕ್ಕಿಂತ ದೊಡ್ಡದು ಎಂದು ನ್ಯಾಯಮೂರ್ತಿ ಮುಹಮ್ಮದ್ ಮುಷ್ತಾಕ್ ಅರ್ಜಿ ತಳ್ಳಿಹಾಕಿದರು. ಇದೇ ನ್ಯಾಯಮೂರ್ತಿ 2016ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ತಲೆವಸ್ತ್ರ ಧರಿಸಿ ಬರಲು ಒಬ್ಬಳಿಗೆ ಅವಕಾಶ ಕೊಟ್ಟಿದ್ದರು. ಎರಡು ಆದೇಶಗಳ ನಡುವಿನ ವ್ಯತ್ಯಾಸದಲ್ಲಿ ವಕೀಲರಿಗೆ ಕಾನೂನು ಕಾಣಬಹುದು. ನನಗೆ ಕಾಣುವುದು ಶಾಲೆಯ ಗೇಟು.

2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಉಡುಪಿಯ ಹುಡುಗಿಯರ ಅರ್ಜಿಗಳನ್ನು ವಜಾ ಮಾಡಿದಾಗ ತಿರುವನಂತಪುರದ ಆ 2018ರ ತೀರ್ಪನ್ನು ಉಲ್ಲೇಖಿಸಿತು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಾದರು. ಹೇಮಂತ್ ಗುಪ್ತಾ ಹೈಕೋರ್ಟಿನ ಪರ ನಿಂತರು. ಸುಧಾಂಶು ಧೂಲಿಯಾ ಕೋಟ್ಟಯಂನ ಮೂರು ಮಕ್ಕಳ ಪ್ರಕರಣವನ್ನು ಮುಂದಿಟ್ಟುಕೊಂಡು, ಹೆಣ್ಣುಮಗಳೊಬ್ಬಳು ಶಾಲೆಯವರೆಗೆ ಬರುವುದೇ ಎಷ್ಟು ಕಷ್ಟ, ನಾವು ಅವಳ ಬದುಕನ್ನು ಸುಲಭ ಮಾಡುತ್ತಿದ್ದೇವೆಯೇ ಎಂದು ಕೇಳಿದರು. ವಿಷಯ ದೊಡ್ಡ ಪೀಠಕ್ಕೆ ಹೋಗಲಿ ಎಂದಾಯಿತು. ಆ ವರ್ಷದ ಪಿಯುಸಿ ಪರೀಕ್ಷೆ ಅಷ್ಟರಲ್ಲಿ ಮುಗಿದುಹೋಗಿತ್ತು.