ಮಿಕ್ಸರ್ ಯಂತ್ರವೂ ನೆಲದ ತಂತಿಯೂ

ಹಲವು ಕಂಠಗಳ, ಹಲವು ವಾದ್ಯಗಳ ಧ್ವನಿಯನ್ನು ಒಂದೆಡೆಗೆ ತಂದು, ಒಂದನ್ನು ತಗ್ಗಿಸಿ ಮತ್ತೊಂದನ್ನು ಏರಿಸಿ, ಎಲ್ಲವನ್ನೂ ಒಂದೇ ಧಾರೆಯಾಗಿ ಹೊರಗೆ ಕಳುಹಿಸುವ ಯಂತ್ರಕ್ಕೆ ಮಿಕ್ಸರ್ ಎಂದು ಹೆಸರು. ಮಹಾನಗರದ ಸಂಗೀತ ಸಭೆಗೆ ಅದು ಎಷ್ಟು ಬೇಕೋ, ಆಳಂದ ತಾಲ್ಲೂಕಿನ ಮಟಕಿಯಂತಹ ಊರಿನ ಭಜನೆಗೂ ಇಂದು ಅಷ್ಟೇ ಬೇಕು. ಇದನ್ನು ಜೋಡಿಸುವವನಿಗೆ ಎರಡು ಚಿಂತೆಗಳುಂಟು. ಸ್ಪೀಕರಿನಲ್ಲಿ ‘ಗುಂಯ್’ ಎಂಬ ಮೊರೆತ ಕೇಳಬಾರದು. ಹಾಡುವವನ ಕೈಗೆ ವಿದ್ಯುತ್ತು ತಗಲಬಾರದು. ಈ ಎರಡು ಚಿಂತೆಗಳೂ ಬಂದು ಸೇರುವುದು ಒಂದೇ ತಂತಿಯಲ್ಲಿ. ಅದು ನೆಲಕ್ಕೆ ಇಳಿಯುವ ತಂತಿ, ನಮ್ಮ ಜನ ಅರ್ಥಿಂಗ್ ಎಂದು ಕರೆಯುವುದು. ಅದರ ಚರಿತ್ರೆಯನ್ನರಿಯದವನು ಮೊರೆತವನ್ನು ನೀಗಲು ಹೋಗಿ ಮರಣವನ್ನು ಬರಮಾಡಿಕೊಳ್ಳುವ ಸಂಭವವುಂಟು.

ಮೊದಲು ನಮ್ಮ ನಾಡಿನ ರೇಡಿಯೋವಿನ ಮಾತು. 1935ನೆಯ ಇಸವಿಯಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 30 ವಾಟ್ ಶಕ್ತಿಯ ಸಣ್ಣ ಪ್ರೇಷಕವೊಂದನ್ನು ಸ್ವಗೃಹದಲ್ಲಿಯೇ ಇಟ್ಟುಕೊಂಡು ಪ್ರಸಾರವನ್ನಾರಂಭಿಸಿದರು. ಆ ನಿಲಯವು ‘ಆಕಾಶವಾಣಿ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1942ರಲ್ಲಿ ಮೈಸೂರು ಸಂಸ್ಥಾನವು ಅದನ್ನು ವಹಿಸಿಕೊಂಡಿತು. ಅದೇ 1935ರಲ್ಲಿ ಹೈದರಾಬಾದಿನಲ್ಲಿ ಖಾಸಗಿಯಾಗಿ ತಲೆಯೆತ್ತಿದ ನಿಲಯವನ್ನು ನಿಜಾಮರ ಸರಕಾರವು ತನ್ನದಾಗಿಸಿಕೊಂಡಿತು. ಡೆಕ್ಕನ್ ರೇಡಿಯೋ ಎಂದು ಹೆಸರಾದ ಅದರಲ್ಲಿ ಉರ್ದು, ತೆಲುಗು, ಮರಾಠಿಗಳೊಡನೆ ಕನ್ನಡಕ್ಕೂ ಸ್ಥಳವಿತ್ತು. ಆಳಂದ, ಅಫಜಲಪುರ, ಜೇವರ್ಗಿಯ ಸೀಮೆ ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದುದರಿಂದ, ಆ ಭಾಗಕ್ಕೆ ಸಂಸ್ಥಾನದ ರೇಡಿಯೋ ಎಂದರೆ ಇದೇ. 1950ರಲ್ಲಿ ಈ ನಿಲಯವು ಅಖಿಲ ಭಾರತ ರೇಡಿಯೋದಲ್ಲಿ ಸೇರಿಹೋಯಿತು.

ಲೋಕದಲ್ಲಿ ರೇಡಿಯೋ ಪ್ರಸಾರವು ಹೊಸದಾಗಿದ್ದ 1920ರ ಸುಮಾರಿನಲ್ಲಿ ಧ್ವನಿಮಿಶ್ರಣವೆಂದರೆ ಮನುಷ್ಯರನ್ನು ಕೂರಿಸುವ ಕ್ರಮವೇ ಆಗಿತ್ತು. ಮೈಕು ಒಂದೇ, ಗಾಯಕನು ಅದರ ಸಮೀಪದಲ್ಲಿ, ಪಿಟೀಲಿನವನು ಸ್ವಲ್ಪ ಹಿಂದೆ, ತಾಳವಾದ್ಯದವನು ಗೋಡೆಯ ಬಳಿ. ಮೈಕುಗಳು ಎರಡು ಮೂರಾದ ಮೇಲೆ ಪ್ರತಿಯೊಂದಕ್ಕೂ ಒಂದು ತಿರುಗುಗುಂಡಿಯನ್ನು ಕೊಟ್ಟು ಎಲ್ಲವನ್ನೂ ಒಂದು ತಂತಿಗೆ ಸೇರಿಸಬೇಕಾಯಿತು. ಆದರೆ ಒಂದು ಗುಂಡಿಯನ್ನು ತಿರುಗಿಸಿದರೆ ಉಳಿದವುಗಳ ಧ್ವನಿಯೂ ಏರಿಳಿಯುತ್ತಿತ್ತು. ಎಷ್ಟು ತಿರುಗಿಸಿದರೂ ತಂತಿಗೆ ಒಡ್ಡುವ ತಡೆ ಬದಲಾಗದಂತಹ ಗುಂಡಿಗಳನ್ನು ರಚಿಸಿದ ಮೇಲೆಯೇ ಈ ತೊಡಕು ಬಿಟ್ಟಿತು. ಇಂದಿನ ಮಿಕ್ಸರ್‌ಗಳ ಪೂರ್ವಜರು ಈ ಗುಂಡಿಗಳ ಪೆಟ್ಟಿಗೆಗಳೇ.

ಇನ್ನು ನೆಲದ ತಂತಿಯ ವಿಚಾರ. 1838ರಲ್ಲಿ ಜರ್ಮನಿಯ ಷ್ಟೈನ್‌ಹೈಲ್ ಎಂಬ ವಿಜ್ಞಾನಿಯು ರೈಲುಕಂಬಿಗಳನ್ನೇ ತಂತಿಗಳನ್ನಾಗಿಸಿ ಟೆಲಿಗ್ರಾಫ್ ಕಳುಹಿಸಬಹುದೇ ಎಂದು ಪರೀಕ್ಷಿಸುತ್ತಿದ್ದನು. ಪ್ರಯೋಗ ಕೈಗೂಡಲಿಲ್ಲ, ಆದರೆ ವಿದ್ಯುತ್ಪ್ರವಾಹವು ಮರಳಿಬರಲು ಎರಡನೆಯ ತಂತಿ ಬೇಕಿಲ್ಲ, ನೆಲವೇ ಸಾಕು ಎಂಬುದು ಆತನಿಗೆ ಗೋಚರಿಸಿತು. ಟೆಲಿಗ್ರಾಫಿನವರಿಗೆ ತಂತಿಯ ಖರ್ಚು ಅರ್ಧಕ್ಕೆ ಇಳಿಯಿತು. 1876ರಲ್ಲಿ ಟೆಲಿಫೋನು ಹುಟ್ಟಿದಾಗ ಅದಕ್ಕೂ ಇದೇ ಕ್ರಮವನ್ನು ಅನುಸರಿಸಿದರು. ಕೆಲವೇ ವರ್ಷಗಳಲ್ಲಿ ಪಟ್ಟಣಗಳಿಗೆ ವಿದ್ಯುದ್ದೀಪವೂ ಟ್ರಾಮೂ ಬಂದುವು. ಅವುಗಳ ಪ್ರವಾಹವೂ ಅದೇ ನೆಲದಲ್ಲಿ ಹರಿಯತೊಡಗಿ, ಟೆಲಿಫೋನಿನಲ್ಲಿ ಮಾತಿಗಿಂತ ಗದ್ದಲವೇ ಹೆಚ್ಚಾಯಿತು. ಇದಕ್ಕೆ ಪರಿಹಾರ, ನೆಲವನ್ನು ಬಿಟ್ಟು, ಒಂದನ್ನೊಂದು ಹೊಸೆದುಕೊಂಡ ಎರಡು ತಂತಿಗಳನ್ನು ಬಳಸುವುದು. 1881ರಲ್ಲಿ ಗ್ರಹಾಂ ಬೆಲ್ಲನೇ ಇದಕ್ಕೆ ಹಕ್ಕುಪತ್ರ ಪಡೆದನು. ಎರಡು ತಂತಿಗಳ ಮೇಲೂ ಗದ್ದಲವು ಸಮನಾಗಿ ಬೀಳುತ್ತದೆ; ಧ್ವನಿಯಾದರೋ ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಕೊನೆಯಲ್ಲಿ ಎರಡರ ವ್ಯತ್ಯಾಸವನ್ನು ಮಾತ್ರ ಆರಿಸಿಕೊಂಡರೆ ಗದ್ದಲ ಕಳೆದುಹೋಗಿ ಧ್ವನಿ ಉಳಿಯುತ್ತದೆ. ಇಂದು ಮೈಕಿನಿಂದ ಮಿಕ್ಸರಿಗೆ ಬರುವ ಮೂರು ಮುಳ್ಳಿನ ಕೇಬಲ್ಲಿನೊಳಗೆ ಇರುವುದು ಇದೇ ಜೋಡಿ. ಮೂರನೆಯದು ಅವುಗಳ ಸುತ್ತಲಿನ ಲೋಹದ ಕವಚ.

ಹೀಗೆ ಧ್ವನಿಯ ದಾರಿಯಿಂದ ಹೊರಟ ನೆಲವು, ಪ್ರಾಣರಕ್ಷಣೆಗಾಗಿ ಇನ್ನೊಂದು ದಾರಿಯಿಂದ ಮರಳಿ ಬಂದಿತು. ನಮ್ಮ ಮನೆಗಳ ಮೂರು ಮುಳ್ಳಿನ ಪ್ಲಗ್ಗನ್ನು ನೋಡಿರಿ. 1934ರ ಬ್ರಿಟಿಷ್ ಪ್ರಮಾಣದಿಂದ ಬಂದ ಈ ಪ್ಲಗ್ಗಿನಲ್ಲಿ ನೆಲದ ಮುಳ್ಳು ಉಳಿದೆರಡಕ್ಕಿಂತ ಉದ್ದ, ದಪ್ಪ. ಚುಚ್ಚುವಾಗ ಮೊದಲು ಒಳಹೋಗುವುದು ಅದು. ಕೀಳುವಾಗ ಕಡೆಗೆ ಹೊರಬರುವುದೂ ಅದೇ. ವಿದ್ಯುತ್ತು ಬರುವುದಕ್ಕೆ ಮುಂಚೆ ರಕ್ಷಣೆ ಸಿದ್ಧವಾಗಿರಬೇಕೆಂಬ ನಿಯಮವನ್ನು ಹಿತ್ತಾಳೆಯಲ್ಲಿಯೇ ಬರೆದಿಟ್ಟಂತಾಯಿತು. ಯಂತ್ರದ ಒಳಗೆ ತಂತಿ ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಗಲಿದರೆ, ಪ್ರವಾಹವು ಮನುಷ್ಯನ ಮೈಯನ್ನು ಹುಡುಕದೆ ಈ ತಂತಿಯಲ್ಲಿ ಇಳಿದುಹೋಗುತ್ತದೆ. ಫ್ಯೂಸ್ ಸುಟ್ಟು ಅಪಾಯ ನಿಲ್ಲುತ್ತದೆ.

ಕಷ್ಟವೆಲ್ಲ ಇಲ್ಲಿಯೇ ಇದೆ. ಮಿಕ್ಸರನ್ನು ಜನರ ಮಧ್ಯದಲ್ಲಿಟ್ಟು ಹತ್ತಿರದ ಮನೆಯಿಂದ ವಿದ್ಯುತ್ತನ್ನು ಪಡೆದು, ಆಂಪ್ಲಿಫೈಯರನ್ನು ವೇದಿಕೆಯ ಹಿಂದೆ ಗುಡಿಯ ಪ್ಲಗ್ಗಿಗೆ ಜೋಡಿಸಿದರೆನ್ನಿ. ಎರಡು ಕಡೆಯ ನೆಲವೂ ಸರಿಸಮವಾಗಿರುವುದಿಲ್ಲ. ಆ ಅಲ್ಪ ವ್ಯತ್ಯಾಸದಿಂದ ಕೇಬಲ್ಲಿನ ಕವಚದಲ್ಲಿ ಪ್ರವಾಹ ಹರಿದು, ಸೆಕೆಂಡಿಗೆ 50 ಆವರ್ತದ ಮೊರೆತ ಏಳುತ್ತದೆ. ಆಗ ಅವಸರದ ಜಾಣನೊಬ್ಬನು ಪ್ಲಗ್ಗಿನ ನೆಲದ ತಂತಿಯನ್ನು ಬಿಚ್ಚುತ್ತಾನೆ. ಮೊರೆತ ನಿಲ್ಲುತ್ತದೆ, ಎಲ್ಲರೂ ಅವನನ್ನು ಹೊಗಳುತ್ತಾರೆ. ಅಂದಿನಿಂದ ಆ ಯಂತ್ರಕ್ಕೆ ರಕ್ಷಣೆಯಿಲ್ಲ. 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ತರುಣ ಗಿಟಾರ್ ವಾದಕನು ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟನು. ಒಂದು ಕೈ ವಾದ್ಯದ ಲೋಹದ ಮೇಲೆ, ಇನ್ನೊಂದು ಕೈ ಮೈಕಿನ ಮೇಲೆ ಇರುವಾಗ ನಡುವಿನ ದಾರಿ ಎದೆಯೇ ಅಲ್ಲವೆ?

ಹಾಗಾದರೆ ಮಾಡಬೇಕಾದುದೇನು? ಮಿಕ್ಸರಿಗೂ ಆಂಪ್ಲಿಫೈಯರಿಗೂ ವೇದಿಕೆಯ ವಾದ್ಯಯಂತ್ರಗಳಿಗೂ ಒಂದೇ ಸ್ಥಳದಿಂದ, ಒಂದೇ ಭೂಸಂಪರ್ಕದಿಂದ ವಿದ್ಯುತ್ತನ್ನು ತರಬೇಕು. ಅಲ್ಲಿ 30 ಮಿಲಿಆಂಪಿಯರ್ ಸೋರಿದರೂ ಪ್ರವಾಹವನ್ನು ಕಡಿದುಹಾಕುವ ಸ್ವಿಚ್ಚನ್ನು ಇಡಬೇಕು. ವಿದ್ಯುತ್ತಿನ ತಂತಿಯೂ ಮೈಕಿನ ತಂತಿಯೂ ಜೊತೆಜೊತೆಯಾಗಿ ಹೋಗಬಾರದು. ದಾಟಲೇಬೇಕಾದರೆ ಅಡ್ಡಲಾಗಿ ದಾಟಬೇಕು. ಎಲ್ಲ ಗುಂಡಿಗಳನ್ನೂ ಇಳಿಸಿ, ಎಲ್ಲ ತಂತಿಗಳನ್ನೂ ಸೇರಿಸಿ, ಬಳಿಕ ಮೊದಲು ಮಿಕ್ಸರಿಗೂ ಕಡೆಗೆ ಆಂಪ್ಲಿಫೈಯರಿಗೂ ವಿದ್ಯುತ್ತು ಕೊಡಬೇಕು. ಆರಿಸುವಾಗ ಈ ಕ್ರಮ ತಿರುಗುಮುರುಗು. ಕೆಲವು ಮೈಕುಗಳಿಗೆ ಮಿಕ್ಸರಿನಿಂದಲೇ 48 ವೋಲ್ಟ್ ಕಳುಹಿಸುವ ಪದ್ಧತಿ 1966ರಿಂದ ಬಂದಿದೆ. ಅದನ್ನು ಹಾಕುವುದೂ ಗುಂಡಿ ಇಳಿದಿರುವಾಗಲೇ. ಇಷ್ಟಾದರೂ ಮೊರೆತ ಉಳಿದರೆ, ಧ್ವನಿಯ ದಾರಿಯಲ್ಲಿ ಪ್ರತ್ಯೇಕಿಸುವ ಸಣ್ಣ ಟ್ರಾನ್ಸ್‌ಫಾರ್ಮರನ್ನು ಇಟ್ಟರೆ ಸಾಕು. ಬಿಡಿಸಬೇಕಾದುದು ಧ್ವನಿಯ ಕೇಬಲ್ಲಿನ ನಂಟನ್ನು. ವಿದ್ಯುತ್ತಿನ ಪ್ಲಗ್ಗಿನ ನೆಲವನ್ನಲ್ಲ.

ಜೇವರ್ಗಿಯ ಸೀಮೆಯು ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳಿಗೆ ಹೆಸರಾದುದು. ಏಕತಾರಿಯ ಮೆಲುದನಿಯೊಡನೆ ರಾತ್ರಿಯೆಲ್ಲ ಹಾಡುವ ಆ ಪದಗಳು ಇಂದು ಮೈಕಿನ ಮುಂದೆ ಬಂದಿವೆ. ಏಕತಾರಿಯ ನಾದ ಮೊರೆತದಲ್ಲಿ ಮುಳುಗಬಾರದೆಂಬುದು ನ್ಯಾಯವೇ. ಅದನ್ನು ನುಡಿಸುವ ಕೈ ಬೆಳಗಿನವರೆಗೆ ಕ್ಷೇಮವಾಗಿರಬೇಕೆಂಬುದು ಅದಕ್ಕಿಂತ ಹಿರಿದಾದ ನ್ಯಾಯ. ಎರಡನ್ನೂ ಒಟ್ಟಿಗೆ ಸಾಧಿಸುವ ಮಾರ್ಗವನ್ನು ನಮ್ಮ ಹಿಂದಿನವರು ಆಗಲೇ ಕಂಡುಹಿಡಿದು ಕೊಟ್ಟಿದ್ದಾರೆ. ಜಾತ್ರೆಯ ದಿನ ಸಂಜೆ, ಆ ಮೂರನೆಯ ಮುಳ್ಳು ಸ್ವಸ್ಥಾನದಲ್ಲಿದೆಯೇ ಎಂದು ಒಂದು ಗಳಿಗೆ ಬಗ್ಗಿ ನೋಡುವುದಷ್ಟೇ ನಮ್ಮ ಪಾಲಿಗೆ ಉಳಿದಿರುವ ಕೆಲಸ.